ಒಂದು ಗಂಟೆ ಹನ್ನೆರಡನೇ ನಿಮಿಷದ ಆಚೆ

ನಮ್ಮಜ್ಜಿಯ ಕತೆಗಳಿಗೆ ಒಂದು ಕಟ್ಟುನಿಟ್ಟು ಇತ್ತು. ಕತೆಯನ್ನು ಎಲ್ಲಿಂದ ಬೇಕಾದರೂ ಶುರು ಮಾಡಬಹುದು, ಆದರೆ ಎಲ್ಲೆಂದರಲ್ಲಿ ನಿಲ್ಲಿಸುವ ಹಾಗಿಲ್ಲ. ನಿಲ್ಲಿಸಿದರೆ ಕತೆಯೊಳಗಿನವರು ಪಾಪ ಅಲ್ಲೇ ಉಳಿದುಬಿಡುತ್ತಾರೆ. ಚಿಕ್ಕವಳಿದ್ದಾಗ ಒಮ್ಮೆ ಸೌದೆ ಕಡಿಯುವವನೊಬ್ಬ ಮರ ಹತ್ತಿದ್ದಾಗಲೇ ನನಗೆ ನಿದ್ದೆ ಹತ್ತಿತ್ತು. ಬೆಳಿಗ್ಗೆ ಹಲ್ಲುಜ್ಜುವುದಕ್ಕೂ ಬಿಡದೆ ಅಜ್ಜಿ ನನ್ನನ್ನು ಎಳೆದು ಕೂರಿಸಿಕೊಂಡಳು. "ಬಾ ಕೂಸೇ, ಮೊದಲು ಅವನನ್ನ ಇಳಿಸೋಣ. ಆಗಿನಿಂದ ಕೊಂಬೆ ಮೇಲಿದ್ದಾನೆ, ಕಾಲು ಜೋಮು ಹಿಡಿದಿರತ್ತೆ."

ಹೀಗೆ ಬೆಳೆದ ನಾನು ಚಿಕ್ಕಪ್ಪನ ಅಂಗಡಿಯ ಕೌಂಟರಿನ ಹಿಂದೆ ಹೋಗಿ ಕೂತದ್ದೇ ಎಲ್ಲ ಎಡವಟ್ಟಿಗೂ ಮೂಲ.

ಚಿಕ್ಕಪ್ಪ ನಡೆಸುತ್ತಿದ್ದದ್ದು ಸಿನಿಮಾ ಡಿಸ್ಕುಗಳನ್ನು ಬಾಡಿಗೆಗೆ ಕೊಡುವ ಅಂಗಡಿ. ಎಡಗೋಡೆಗೆ ಹಳೇ ಕಪ್ಪು-ಬಿಳುಪಿನ ಸಿನಿಮಾಗಳು. ಬಲಗೋಡೆಗೆ ಒಂದೊಂದೂ ಇಟ್ಟಿಗೆಯಷ್ಟು ದಪ್ಪದ ಪೆಟ್ಟಿಗೆಗಳಲ್ಲಿ ಧಾರಾವಾಹಿಗಳು. ಆಟೋಟಗಳ ಸಾಕ್ಷ್ಯಚಿತ್ರಗಳು ಮಾತ್ರ ಬಾಗಿಲ ಹಿಂದಿನ ಕಪಾಟಿನಲ್ಲಿ. ಬಾಗಿಲು ತೆರೆದಿರುವಷ್ಟು ಹೊತ್ತು ಆ ಕಪಾಟು ಕಾಣುವುದಿಲ್ಲ. ಬಾಗಿಲು ಮುಚ್ಚಿದ ಮೇಲೆ ಗಿರಾಕಿಗಳಿರುವುದಿಲ್ಲ. ಆಟೋಟಗಳನ್ನು ಯಾರೂ ಯಾಕೆ ಕೇಳುವುದಿಲ್ಲ ಎಂದು ಚಿಕ್ಕಪ್ಪ ಹದಿನೈದು ವರ್ಷ ತಲೆ ಕೆಡಿಸಿಕೊಂಡಿದ್ದರು.

ಅವರಲ್ಲಿ ಇನ್ನೊಂದು ವಿಶೇಷವಿತ್ತು. ಅಂಗಡಿಯಲ್ಲಿ ಎರಡು ಸಾವಿರ ಸಿನಿಮಾ ಇಟ್ಟುಕೊಂಡ ಆ ಮನುಷ್ಯ ಜೀವಮಾನದಲ್ಲಿ ಒಂದೇ ಒಂದು ಸಿನಿಮಾದ ಕೊನೆ ನೋಡಿದವರಲ್ಲ. ಪರದೆಯ ಮುಂದೆ ಕೂತು ಮುಕ್ಕಾಲು ಗಂಟೆ ಆಗುತ್ತಿದ್ದಂತೆ ಅವರ ಗದ್ದ ಎದೆಗೆ ತಾಗುತ್ತಿತ್ತು. "ಚೆನ್ನಾಗಿದೆಯಾ?" ಎಂದು ಗಿರಾಕಿಗಳು ಕೇಳಿದರೆ, "ಆರಂಭ ಮಾತ್ರ ಅದ್ಭುತ ಸಾರ್, ಅದರ ಬಗ್ಗೆ ಎರಡು ಮಾತಿಲ್ಲ" ಎನ್ನುತ್ತಿದ್ದರು.

ಡಿಸ್ಕಿನ ಹಣೆಬರಹವೂ ವಿಚಿತ್ರ. ಅದು ಒಳಗಿನಿಂದ ಶುರುವಾಗಿ ಹೊರಗಿನ ಅಂಚಿಗೆ ಬಂದು ಮುಗಿಯುತ್ತದೆ. ಅಂದರೆ ಕತೆಯ ಕೊನೆ ಇರುವುದು ಅಂಚಿನಲ್ಲಿ. ಎಲ್ಲರ ಬೆರಳು, ಎಲ್ಲರ ಉಗುರು, ಎಲ್ಲರ ಬೆಣ್ಣೆ ಹಚ್ಚಿದ ಬ್ರೆಡ್ಡು ತಾಗುವುದೂ ಅಂಚಿಗೇ. ಹಾಗಾಗಿ ನಮ್ಮಂಗಡಿಯ ಹಳೇ ಡಿಸ್ಕುಗಳೆಲ್ಲ ಮುಗಿಯುವುದಕ್ಕೆ ಇಪ್ಪತ್ತು ಮೂವತ್ತು ನಿಮಿಷ ಇರುವಾಗ ಕಲ್ಲಾಗಿ ನಿಂತುಬಿಡುತ್ತಿದ್ದವು. ನಾಯಕಿ ಬಾಯಿ ತೆರೆದಿದ್ದಾಳೆ, ಬಾಯಿಂದ ಮಾತು ಬರುತ್ತಿಲ್ಲ. ಕಳ್ಳ ಕಿಟಕಿಗೆ ಒಂದು ಕಾಲು ಹಾಕಿದ್ದಾನೆ, ಇನ್ನೊಂದು ಕಾಲು ಇಡೀ ವರ್ಷ ಹೊರಗೇ.

ಹದಿಮೂರರ ವಯಸ್ಸಿನಲ್ಲಿ ನನಗೆ ಇದನ್ನು ನೋಡಿ ಸುಮ್ಮನಿರಲು ಆಗಲಿಲ್ಲ. ಅಷ್ಟೂ ಜನರನ್ನು ಮನೆಗೆ ತಲುಪಿಸುವುದು ಹೇಗೆ? ಹಾಗಾಗಿ ಕೊನೆಚೀಟಿ ಬರೆಯಲು ಶುರು ಮಾಡಿದೆ. ಯಾವ ಡಿಸ್ಕು ನಿಲ್ಲುತ್ತದೋ ಅದರ ಡಬ್ಬಿಯೊಳಗೆ, ಆಮೇಲೆ ಏನಾಯಿತು ಎಂದು ಬರೆದ ಒಂದು ಚೀಟಿ. ಮೊದಲು ಚಿಕ್ಕಪ್ಪನನ್ನು ಕೇಳುತ್ತಿದ್ದೆ. ಅವರು ತಲೆ ಕೆರೆದುಕೊಂಡು, "ಏನೋ ಒಂದು ಒಳ್ಳೇದೇ ಆಗಿರತ್ತೆ ಪುಟ್ಟಿ" ಎನ್ನುತ್ತಿದ್ದರು. ಉಳಿದದ್ದನ್ನು ನಾನೇ ಕಣ್ಣು ಮುಚ್ಚಿ ನೋಡಿಕೊಳ್ಳುತ್ತಿದ್ದೆ.

ಒಂದು ಪತ್ತೇದಾರಿ ಸಿನಿಮಾಕ್ಕೆ ಬರೆದದ್ದು ಹೀಗಿತ್ತು: "ಕೊಲೆ ಮಾಡಿದ್ದು ಪಿಯಾನೋ ನುಡಿಸುವವನು. ಅವನ ಉಗುರು ನೋಡಿದಾಗಲೇ ನನಗೆ ಅನುಮಾನ. ತಪ್ಪಾಯಿತು ಎಂದು ಅತ್ತ. ಆಮೇಲೆ ಎಲ್ಲರೂ ಮನೆಗೆ ಹೋದರು." ಯುದ್ಧದ ಸಿನಿಮಾಕ್ಕೆ: "ಎರಡೂ ಕಡೆಯವರಿಗೆ ಬಹಳ ಹಸಿವಾಯಿತು. ಎಲ್ಲರೂ ಮನೆಗೆ ಹೋದರು." ಐವತ್ತೆರಡು ಕಂತಿನ ಧಾರಾವಾಹಿಗೆ: "ಅತ್ತೆಗೆ ಬುದ್ಧಿ ಬಂತು. ಪೂರ್ತಿ ಅಲ್ಲ."

ಜನ ನಂಬಿದರು. ಹಲ್ಲಿನ ಡಾಕ್ಟರಮ್ಮ ಒಬ್ಬರು ಬೇರೆ ಎಲ್ಲೋ ಆ ಧಾರಾವಾಹಿಯ ನಿಜವಾದ ಕೊನೆ ನೋಡಿಬಂದು, "ಅವರಿಗಿಂತ ನೀವೇ ಚೆನ್ನಾಗಿ ಮುಗಿಸಿದ್ದೀರಿ" ಎಂದು ಹೇಳಿಹೋದರು. ಆ ಮಾತು ಚಿಕ್ಕಪ್ಪನಿಗೆ ಅರ್ಥವಾಗಲಿಲ್ಲ. ನನಗೆ ಅರ್ಥವಾಗಿ ಎರಡು ದಿನ ನೆಲದ ಮೇಲೆ ಕಾಲಿರಲಿಲ್ಲ.

ಹೀಗಿರುವಾಗಲೇ ಸೈಕಲ್ ಪಂದ್ಯದ ಡಿಸ್ಕಿಗೂ ಚೀಟಿ ಬರೆದೆ. ನೂರಾ ಅರವತ್ತು ಕಿಲೋಮೀಟರಿನ ಹಳೆಯ ಪಂದ್ಯವೊಂದರ ಸಾಕ್ಷ್ಯಚಿತ್ರ ಅದು. ತೆಗೆದ ಕಂಪನಿ ಬಾಗಿಲು ಹಾಕಿ ಯಾವ ಕಾಲವಾಗಿತ್ತೋ, ಎಲ್ಲೂ ಇನ್ನೊಂದು ಪ್ರತಿ ಇರಲಿಲ್ಲ. ಸರಿಯಾಗಿ ಒಂದು ಗಂಟೆ ಹನ್ನೆರಡನೇ ನಿಮಿಷಕ್ಕೆ ಅದು ನಿಲ್ಲುತ್ತಿತ್ತು. ಆಗ ಎಲ್ಲರಿಗಿಂತ ಮುಂದೆ ಇದ್ದವನು ಮೂವತ್ತೊಂದನೇ ನಂಬರಿನ ಹಳದಿ ಬನಿಯನ್ನಿನ ಸವಾರ. ಹಲ್ಲು ಕಚ್ಚಿ ಹ್ಯಾಂಡಲಿನ ಮೇಲೆ ಬಾಗಿದ್ದ. ನಾನು ಬರೆದೆ: "ಮೂವತ್ತೊಂದನೆಯವನೇ ಗೆದ್ದ. ಎಷ್ಟು ಮುಂದಿದ್ದ ಎಂದರೆ ಉಳಿದವರು ಬರುವಷ್ಟರಲ್ಲಿ ಸ್ನಾನ ಮಾಡಿ ತಲೆ ಬಾಚಿಕೊಂಡು ನಿಂತಿದ್ದ. ಆಮೇಲೆ ಎಲ್ಲರೂ ಮನೆಗೆ ಹೋದರು."

ಆ ಮೂವತ್ತೊಂದನೆಯವನು ನಮ್ಮ ಬೀದಿಯಲ್ಲೇ ಇದ್ದಾನೆಂದು ನನಗೇನು ಕನಸು ಬಿದ್ದಿತ್ತೇ?

ಅವರು ನಮ್ಮ ಎದುರು ಸಾಲಿನ ಸೈಕಲ್ ರಿಪೇರಿಯವರು. ಹಿಂದಿನ ವರ್ಷವಷ್ಟೇ ಬಂದು ಅಂಗಡಿ ಹಾಕಿದ್ದರು. ಗುರುತು ಹಿಡಿದದ್ದು, ಒಂದು ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಬಂದು ಬಾಗಿಲ ಹಿಂದಿನ ಆ ಡಿಸ್ಕು ಒಯ್ದ ಪಕ್ಕದ ಕ್ಷೌರದಂಗಡಿಯವರು. ತಾನು ಒಮ್ಮೆ ಬೋಳಿಸಿದ ಗದ್ದವನ್ನು ಏಳು ಜನ್ಮಕ್ಕೂ ಮರೆಯದ ಮನುಷ್ಯ. ಡಿಸ್ಕನ್ನೂ ಚೀಟಿಯನ್ನೂ ಹಿಡಿದುಕೊಂಡು ಸೋಪಿನ ಕೈಯಲ್ಲೇ ಓಡಿಹೋಗಿ, "ಏನು ಸ್ವಾಮಿ, ಗೆದ್ದು ಬಂದು ಹೀಗೆ ಕದ್ದು ಕೂತಿದ್ದೀರಲ್ಲ!" ಎಂದು ಬೀದಿ ಕೇಳುವಂತೆ ಕೂಗಿದರಂತೆ. ರಿಪೇರಿಯವರು ಇಲ್ಲ ಎನ್ನಬೇಕೆಂದಿದ್ದರು. ಆದರೆ ಆ ಹೊತ್ತಿಗೆ ಅವರ ಬಾಯಲ್ಲಿ ಎರಡು ನಟ್ಟು, ಕೈಯಲ್ಲಿ ಬಿಚ್ಚಿದ ಚಕ್ರ. ಚಕ್ರ ಕೂರಿಸಿ ನಟ್ಟು ಬಾಯಿಂದ ತೆಗೆಯುವಷ್ಟರಲ್ಲಿ ಸುದ್ದಿ ಬೀದಿಯ ಆ ತುದಿ ಮುಟ್ಟಿ ವಾಪಸ್ ಬಂದಿತ್ತು. ಸಂಜೆಯಿಂದ ಅವರು ಎಲ್ಲರ ಬಾಯಲ್ಲೂ ಚಾಂಪಿಯನ್.

ಅವರ ಹೆಂಡತಿ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತದ ಟೀಚರ್. "ಇಷ್ಟು ವರ್ಷ ಸಂಸಾರ ಮಾಡಿ ನನಗೂ ಒಂದು ಮಾತು ಹೇಳ್ಲಿಲ್ವಲ್ರೀ?" ಎಂದು ಅವರು ಕೇಳಿದಾಗ ಚಾಂಪಿಯನ್ ಮಾಮ ಗಾಬರಿಯಲ್ಲಿ, "ಹೇಳ್ಕೊಂಡು ತಿರುಗೋದು ನನ್ನ ಸ್ವಭಾವ ಅಲ್ಲ" ಎಂದುಬಿಟ್ಟರು. ಟೀಚರ್ ಅದನ್ನೇ ನಂಬಿದರು. ರೈಲ್ವೆಯಲ್ಲಿ ಟೈಮ್‌ಟೇಬಲ್ ಹಾಕುವ ತಮ್ಮ ಅಣ್ಣನಿಗೆ ಅವತ್ತೇ ಫೋನು ಮಾಡಿದರು. ತಂಗಿ ಪಂಕ್ಚರ್ ಹಾಕುವವನನ್ನು ಮದುವೆಯಾದಳು ಎಂದು ಮೂಗು ಮುರಿಯುತ್ತಿದ್ದ ಆ ಅಣ್ಣ ಮೊದಲ ಸಲ, "ಭಾವ ಚೆನ್ನಾಗಿದ್ದಾರಾ?" ಎಂದು ಕೇಳಿದರಂತೆ. ಮುಂದಿನ ವಾರ ಅಂಗಡಿಯ ಮೇಲೆ "ಚಾಂಪಿಯನ್ ಸೈಕಲ್ ವರ್ಕ್ಸ್" ಎಂಬ ಬೋರ್ಡು ಬಂತು. ಶಾಲೆಯ ಹುಡುಗಿಯರ ಲೆಕ್ಕದ ಪುಸ್ತಕಕ್ಕೂ ಅವರು ಬಂದರು: ಒಬ್ಬ ಸವಾರ ನೂರಾ ಅರವತ್ತು ಕಿಲೋಮೀಟರನ್ನು ಐದು ಗಂಟೆಯಲ್ಲಿ ಕ್ರಮಿಸಿದರೆ ಅವನ ವೇಗವೆಷ್ಟು?

ಹೀಗೆ ಎಂಟು ವರ್ಷ ನಡೆಯಿತು. ಇನ್ನೂ ನಡೆಯುತ್ತಿತ್ತು, ಚಿಕ್ಕಪ್ಪ ಆ ಮೆಷಿನ್ನು ತರದೇ ಇದ್ದಿದ್ದರೆ.

ಯಾವುದೋ ಮುಚ್ಚಿದ ಅಂಗಡಿಯಿಂದ ತಂದ ಪಾಲಿಶ್ ಮೆಷಿನ್ನು ಅದು. ನೋಡಲು ಮುಚ್ಚಳವಿರುವ ಬೋಗುಣಿಯ ಹಾಗೆ, ಕೂಗಲು ಮಿಕ್ಸಿಯ ಹಾಗೆ. ಒಳಗೆ ಡಿಸ್ಕು ಇಟ್ಟು, ಬಿಳೀ ಲೇಪ ಸವರಿ, ನೀರು ಚಿಮುಕಿಸಿ ಗುಂಡಿ ಒತ್ತಿದರೆ ಹತ್ತು ನಿಮಿಷ ಗುರ್ರೆಂದು ತಿರುಗಿ ಗೀರುಗಳನ್ನೆಲ್ಲ ಉಜ್ಜಿ ತೆಗೆಯುತ್ತಿತ್ತು. ಮೊದಲು ಪಿಯಾನೋ ಸಿನಿಮಾ ಹಾಕಿ ನೋಡಿದೆವು. ಡಿಸ್ಕು ಎಲ್ಲೂ ನಿಲ್ಲದೆ ಕೊನೆಯವರೆಗೂ ಓಡಿತು. ಚಿಕ್ಕಪ್ಪ ಎಂದಿನಂತೆ ಮುಕ್ಕಾಲು ಗಂಟೆಗೆ ಮಲಗಿದರು. ನಾನೊಬ್ಬಳೇ ನೋಡಿದೆ. ಪಿಯಾನೋ ನುಡಿಸುವವನು ಕೊಲೆ ಮಾಡಿರಲಿಲ್ಲ. ಎರಡನೇ ಹೆಣ ಅವನದೇ.

ಡಬ್ಬಿಯೊಳಗಿನ ನನ್ನ ಚೀಟಿ ತೆಗೆದು ಮಡಿಚಿ ಬಚ್ಚಿಟ್ಟೆ. ಆಮೇಲೆ ಎದ್ದ ಚಿಕ್ಕಪ್ಪ ಕೈ ಉಜ್ಜಿಕೊಂಡು, "ಪುಟ್ಟಿ, ಮುಂದಿನದು ಯಾವುದು ಗೊತ್ತಾ? ನಮ್ಮ ಚಾಂಪಿಯನ್ನು! ಭಾನುವಾರ ಸಾಯಂಕಾಲ ನಾಲ್ಕಕ್ಕೆ ಅಂಗಡೀಲೇ ಷೋ. ಇಡೀ ಬೀದಿ ಬರಲಿ" ಎಂದರು. ನಾನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಿಗೆ ಕಾಗದ ಅಂಟಿಸಿಯೂ ಆಗಿತ್ತು. "ಬರೀ ಗೆಲುವಿನ ಇಪ್ಪತ್ತೆಂಟು ನಿಮಿಷ! ಇದುವರೆಗೆ ಯಾರೂ ನೋಡದ್ದು!"

ಗುರುವಾರ ಮಧ್ಯಾಹ್ನ ಅಂಗಡಿಯಲ್ಲಿ ನಾನೊಬ್ಬಳೇ ಇದ್ದಾಗ ಚಾಂಪಿಯನ್ ಮಾಮ ಬಂದರು. ಧಾರಾವಾಹಿಗಳ ಗೋಡೆಯನ್ನು ಒಂದು ಸುತ್ತು ನೋಡುವ ಹಾಗೆ ಮಾಡಿ, ಬಾಗಿಲು ಮುಂದೆ ಮಾಡಿದರು.

"ಮಗಳೇ, ಒಂದು ವಿಷಯ. ಆ ಚೀಟಿ ಬರೆದೋಳು ನೀನಂತೆ?"

"ಹೂಂ ಮಾಮ."

"ನಾನು ಗೆದ್ದಿಲ್ಲಮ್ಮ."

"ಎರಡನೇ ಬಹುಮಾನವಾ?"

"ಇಲ್ಲ."

"ಮೂರನೇದಾದ್ರೂ..."

"ಗೆರೆ ದಾಟಿದ್ರೆ ತಾನೇ ಒಂದು ಎರಡು ಮೂರು? ನಾನು ಆ ಗೆರೆ ಯಾವ ಬಣ್ಣ ಅಂತ ಕೂಡ ನೋಡಿಲ್ಲ."

"ಮತ್ತೆ ಏನಾಯ್ತು?"

"ಅದನ್ನ ಮಾತ್ರ ಕೇಳ್ಬೇಡ. ನೀನು ನಗ್ತೀಯ. ಇಲ್ಲಿ ನೋಡು, ಭಾನುವಾರಕ್ಕೆ ನಮ್ಮ ಭಾವಮೈದ ಬರ್ತಿದಾನೆ. ಶಾಲೆಯ ಟೀಚರುಗಳೆಲ್ಲ ಬರ್ತಾರೆ. ಎಂಟು ವರ್ಷದಿಂದ ನಮ್ಮನೆಯವಳು ನನ್ನನ್ನ ದೊಡ್ಡ ಮನುಷ್ಯ ಅಂತ ನಂಬ್ಕೊಂಡಿದಾಳೆ. ಎಲ್ಲರ ಎದುರು ಅವಳ ಮುಖ ಏನಾಗ್ಬೇಡ?" ಎಂದು ಜೇಬಿನಿಂದ ಸೈಕಲ್ ಚಕ್ರದ ಒಂದು ಕಡ್ಡಿ ತೆಗೆದು ಕೌಂಟರಿನ ಮೇಲಿಟ್ಟರು. ತುದಿಯನ್ನು ಚೂಪಾಗಿ ಅರೆದಿದ್ದರು. "ಒಂದೇ ಒಂದು ಗೀರು. ಅಂಚಿಗೆ. ಯಾರಿಗೂ ಗೊತ್ತಾಗಲ್ಲ."

ನಾನು ಕಡ್ಡಿಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಮಹಡಿಗೆ, ಅಜ್ಜಿಯ ಹತ್ತಿರ ಹೋದೆ. ಅಜ್ಜಿ ಕಿಟಕಿಯ ಬಳಿ ಕೂತು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಎಲ್ಲ ಕೇಳಿದ ಮೇಲೂ ತಿಕ್ಕುವುದು ನಿಲ್ಲಿಸಲಿಲ್ಲ.

"ಗೀರಬೇಡ," ಎಂದಳು.

"ಪಾಪ ಅಜ್ಜಿ, ಅವರ ಮರ್ಯಾದೆ..."

"ಪಾಪ ಅಂತ ನಾನೂ ಹೇಳ್ತಿರೋದು. ಎಂಟು ವರ್ಷದಿಂದ ಆ ಮನುಷ್ಯ ಸೈಕಲ್ ಮೇಲೇ ಇದಾನಲ್ಲೇ! ಅದೂ ಬಗ್ಗಿಕೊಂಡು! ಹತ್ತಿಸಿಬಿಟ್ಟು ಬಂದೋಳು ನೀನು, ನೀನೇ ಇಳಿಸು."

ಕಡ್ಡಿ ವಾಪಸ್ ಕೊಟ್ಟಾಗ ಮಾಮ ಅದನ್ನು ಜೇಬಿಗೆ ಹಾಕಿಕೊಂಡರು. "ಸರಿ ಬಿಡು. ನಾನೇ ಹೇಳ್ಬಿಡ್ತೀನಿ, ಇವತ್ತೇ" ಎಂದು ಹೋದರು. ಮಾರನೇ ದಿನ ಬೆಳಿಗ್ಗೆ ಬಂದಾಗ ಮುಖ ಇನ್ನೂ ಬಾಡಿತ್ತು.

"ಹೇಳಿದ್ರಾ ಮಾಮ?"

"ಹೇಳಿದೆ. 'ನಾನು ಗೆದ್ದಿಲ್ಲ ಕಣೇ' ಅಂತ ಕೈ ಹಿಡ್ಕೊಂಡು ಹೇಳಿದೆ."

"ಏನಂದ್ರು?"

"ಕಣ್ಣಲ್ಲಿ ನೀರು ಹಾಕ್ಕೊಂಡು, 'ಎಷ್ಟು ವಿನಯ ರೀ ನಿಮ್ಮದು' ಅಂದ್ಲು. ಅಣ್ಣಂಗೆ ಫೋನ್ ಮಾಡಿ ಅದನ್ನೂ ಹೇಳಿದ್ಲು."

ಆಗ ನಾನೇ ಟೀಚರ್ ಮನೆಗೆ ಹೊರಟೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಟೀಚರ್ ಬಾಗಿಲು ತೆಗೆದವರೇ ನನ್ನ ಕೈಗೆ ಟೇಪಿನ ಒಂದು ತುದಿ ಕೊಟ್ಟು, "ಹಿಡ್ಕೋಮ್ಮ, ಸರಿಯಾದ ಹೊತ್ತಿಗೆ ಬಂದೆ" ಎಂದರು. ಹೊಲಿಗೆ ಮೆಷಿನ್ನಿನ ಮೇಲೆ ಆ ಹಳದಿ ಬನಿಯನ್ನಿತ್ತು, ಬೆನ್ನ ಮೇಲೆ ಮೂವತ್ತೊಂದು. ಪೆಟ್ಟಿಗೆಯ ತಳದಿಂದ ಹುಡುಕಿ ತೆಗೆದಿದ್ದರಂತೆ. ಈಗಿನ ಹೊಟ್ಟೆಗೆ ಅದು ಸಾಲದೆ ಎರಡೂ ಪಕ್ಕಕ್ಕೆ ಕಿಟಕಿಯ ಪರದೆಯ ಬಟ್ಟೆ ಸೇರಿಸುತ್ತಿದ್ದರು. "ಹೂವಿನ ಬಟ್ಟೆ ಬಿಟ್ರೆ ಹಳದಿ ಸಿಗ್ಲಿಲ್ಲ. ಕೈ ಎತ್ತದೇ ಇದ್ರೆ ಕಾಣಲ್ಲ, ಅಲ್ವಾ?" ಎಂದು ಕೇಳಿದರು. ಆ ಮುಖ ನೋಡಿ ನಾನು ಜೋಡಿಸಿಕೊಂಡ ಮಾತೆಲ್ಲ ಚೆಲ್ಲಿಹೋಯಿತು. "ಕಾಣಲ್ಲ ಟೀಚರ್" ಎಂದು ಅರ್ಧ ಗಂಟೆ ಟೇಪು ಹಿಡಿದು ನಿಂತು, ಬಂದ ದಾರಿಗೆ ಸುಂಕವಿಲ್ಲವೆನ್ನುವ ಹಾಗೆ ವಾಪಸಾದೆ.

ಭಾನುವಾರ ಮೂರೂಮುಕ್ಕಾಲಕ್ಕೇ ಅಂಗಡಿ ತುಂಬಿತ್ತು. ಫೋಟೋ ಸ್ಟುಡಿಯೋದಿಂದ ತಂದ ಕುರ್ಚಿಗಳು ಮುಗಿದು, ಧಾರಾವಾಹಿಗಳ ಪೆಟ್ಟಿಗೆಗಳ ಮೇಲೂ ಜನ ಕೂತಿದ್ದರು. ಮುಂದಿನ ಸಾಲಿನ ನಡುವೆ ಮಾಮ; ಕಂಕುಳಲ್ಲಿ ಹೂವು ಕಾಣದ ಹಾಗೆ ಎರಡೂ ಕೈಯನ್ನು ಪಕ್ಕಕ್ಕೆ ಅಂಟಿಸಿಕೊಂಡು, ಶಾಲೆಯಲ್ಲಿ ಬೈಸಿಕೊಳ್ಳಲು ನಿಂತವರ ಹಾಗೆ. ಬಲಕ್ಕೆ ಟೀಚರ್. ಎಡಕ್ಕೆ ರೈಲ್ವೆ ಭಾವಮೈದ, ತೊಡೆಯ ಮೇಲೆ ಡಿಸ್ಕಿನ ಖಾಲಿ ಡಬ್ಬಿ. ಅದರ ಹಿಂಬದಿಯಲ್ಲಿ ಅಚ್ಚಾಗಿದ್ದ ಪಂದ್ಯದ ನಕ್ಷೆಯನ್ನು ಕನ್ನಡಕ ಏರಿಸಿ ಓದುತ್ತಿದ್ದರು. ಅಜ್ಜಿಗೆ ಬಾಗಿಲ ಬಳಿ ಆರಾಮ ಕುರ್ಚಿ. ಚಿಕ್ಕಪ್ಪ ಎದ್ದು ನಿಂತು ಭಾಷಣ ಮಾಡಿದರು. "ಆರಂಭ ಮಾತ್ರ ಅದ್ಭುತ!" ಎಂದು ಕೂತರು. ನಾನು ಮಾಮನ ಮುಖ ನೋಡಲಾರದೆ ಗುಂಡಿ ಒತ್ತಿದೆ.

ಒಂದು ಗಂಟೆ ಹನ್ನೆರಡನೇ ನಿಮಿಷ ಬಂತು. ಅಭ್ಯಾಸಬಲ ನೋಡಿ, ಅರ್ಧ ಜನ ಎದ್ದು ಚಪ್ಪಲಿ ಹುಡುಕತೊಡಗಿದರು. ಚಿತ್ರ ನಿಲ್ಲಲಿಲ್ಲ. ಮೂವತ್ತೊಂದನೆಯವನ ಕಾಲು ಇನ್ನೊಂದು ಸುತ್ತು ತಿರುಗಿತು. ಕೇಕೆ, ಚಪ್ಪಾಳೆ. ಎಲ್ಲರೂ ಮತ್ತೆ ಕೂತರು.

ಪರದೆಯ ಮೇಲೆ ದಾರಿ ಎರಡಾಯಿತು. ಬಾವುಟ ಹಿಡಿದು ದಾರಿ ತೋರಿಸಬೇಕಾದವನ ಸ್ಟೂಲು ಇತ್ತು, ಅವನಿರಲಿಲ್ಲ. ಮೂವತ್ತೊಂದನೆಯವನು ಎಡಕ್ಕೆ ತಿರುಗಿದ. ವಿವರಣೆ ಕೊಡುತ್ತಿದ್ದ ದಪ್ಪ ದನಿ ಹೇಳಿತು: "ನಾಯಕ ಎಡಕ್ಕೆ! ಆ ಆತ್ಮವಿಶ್ವಾಸ ನೋಡಿ!"

"ಬಲಕ್ಕಲ್ವಾ?" ಎಂದರು ಭಾವಮೈದ, ನಕ್ಷೆಯ ಮೇಲೆ ಬೆರಳಿಟ್ಟು.

"ಷ್!" ಎಂದಿತು ಇಡೀ ಅಂಗಡಿ.

ಹಿಂದೆ ಬರುತ್ತಿದ್ದ ಹದಿನಾಲ್ಕು ಸವಾರರೂ ಎಡಕ್ಕೆ ತಿರುಗಿದರು. ಕ್ಯಾಮೆರಾದ ವ್ಯಾನೂ ಎಡಕ್ಕೆ ತಿರುಗಿತು. ಟಾರು ಮುಗಿದು ಮಣ್ಣು ಬಂತು. "ಇದು ಬಹುಶಃ ಈ ವರ್ಷದ ಹೊಸ ಮಾರ್ಗ" ಎಂದಿತು ದನಿ. ಮಣ್ಣು ಮುಗಿದು ಬಾತುಕೋಳಿಗಳು ಬಂದವು. ದನಿ ಸುಮ್ಮನಾಯಿತು. ಆಮೇಲೆ ಯಾವುದೋ ಆಸ್ಪತ್ರೆಯ ಹಿತ್ತಲು, ಒಗೆದು ಹರವಿದ ಬಿಳೀ ಚಾದರಗಳ ಸಾಲು. ಮೂವತ್ತೊಂದನೆಯವನು ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೊರಬಿದ್ದಾಗ ಚಾದರ ತಲೆಯ ಮೇಲೇ ಇತ್ತು. ಹಾಗೇ ನೂರು ಮೀಟರು ಹೋದ. ಹಿಂದಿನವರು ಹಾಗೆಯೇ ಹೋಗಬೇಕೇನೋ ಎಂದುಕೊಂಡು ತಾವೂ ಒಂದೊಂದು ಹೊದ್ದುಕೊಂಡರು.

ಕ್ಷೌರದಂಗಡಿಯವರು ಮೊದಲು ಕೆಮ್ಮಿದ ಹಾಗೆ ಮಾಡಿದರು. ಆಮೇಲೆ ತಡೆಯಲಾಗದೆ ಕೂತಿದ್ದ ಪೆಟ್ಟಿಗೆಯಿಂದ ಜಾರಿದರು. ಮಾಮ ಕಣ್ಣು ಮುಚ್ಚಿದ್ದರು. ಟೀಚರ್ ರೆಪ್ಪೆ ಕೂಡ ಅಲುಗಿಸಿರಲಿಲ್ಲ.

ದಾರಿ ನದಿಯಲ್ಲಿ ಮುಗಿಯಿತು. ಸೇತುವೆ ಇಲ್ಲ. ಒಂದು ದೋಣಿ, ಒಬ್ಬ ಅಂಬಿಗ, ಸಲಕ್ಕೆ ಎರಡು ಸೈಕಲ್ಲು ಎರಡು ಜನ. ಮೂವತ್ತೊಂದನೆಯವನು ಎಲ್ಲರಿಗಿಂತ ಮೊದಲು ಬಂದಿದ್ದ. ಆದರೂ ಹತ್ತಲಿಲ್ಲ. ಸೊಂಟದವರೆಗೆ ನೀರಿಗಿಳಿದು, ಅಲ್ಲಾಡುವ ದೋಣಿಯನ್ನು ಎರಡೂ ಕೈಯಲ್ಲಿ ಹಿಡಿದು, ಒಬ್ಬೊಬ್ಬರನ್ನೇ ಹತ್ತಿಸಿದ. ಹದಿನಾಲ್ಕು ಜನ ದಾಟಿದ ಮೇಲೆ ಕೊನೆಗೆ ತಾನೊಬ್ಬನೇ, ಕ್ಯಾಮೆರಾದವರ ಜೊತೆ. ನಡು ನೀರಿನಲ್ಲಿ ಅಂಬಿಗ ಕೇಳಿದ: "ಅಲ್ಲಾ, ಎಲ್ಲಿಗೆ ಹೊರಟಿದ್ದೀರಿ ನೀವೆಲ್ಲ?" ಮೂವತ್ತೊಂದನೆಯವನು ಹೇಳಿದ. ಅಂಬಿಗ ಹುಟ್ಟು ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಹಿಂದಿನ ದಡದ ಕಡೆ ಕೈ ತೋರಿಸಿದ.

ಎಲ್ಲರೂ ಮತ್ತೆ ದೋಣಿ ಹತ್ತಿ ಈ ದಡಕ್ಕೆ ಬಂದರು. ಆಗಲೂ ಇಬ್ಬಿಬ್ಬರಾಗಿ. ಆಗಲೂ ನೀರಿನಲ್ಲಿ ನಿಂತು ದೋಣಿ ಹಿಡಿದವನು ಅವನೇ.

ಕೊನೆಯಲ್ಲಿ ಒಂದೇ ಒಂದು ಫೋಟೋ ತೋರಿಸಿದರು. ಗೆದ್ದವನು ಒಬ್ಬ ಬೇಕರಿಯವನು. ಚೈನು ಕಳಚಿ ಎಲ್ಲರಿಗಿಂತ ಹಿಂದೆ ಬಿದ್ದಿದ್ದನಂತೆ. ಮುಂದೆ ಯಾರೂ ಕಾಣದ್ದರಿಂದ ಬೇರೆ ಗತಿಯಿಲ್ಲದೆ ಬೋರ್ಡು ಓದಿ ಬಲಕ್ಕೆ ತಿರುಗಿದ್ದನಂತೆ. ಅವನು ಗೆರೆ ದಾಟುವಾಗ ಅಲ್ಲಿ ಕ್ಯಾಮೆರಾ ಇರಲಿಲ್ಲ. ಕ್ಯಾಮೆರಾ ದೋಣಿಯಲ್ಲಿತ್ತು.

ಅಂಗಡಿಯಲ್ಲಿ ನಗು ಅಂದರೆ ನಗು. ಟೀಚರುಗಳು ಒಬ್ಬರ ಹೆಗಲಿಗೊಬ್ಬರು ಒರಗಿದ್ದರು. ಡಾಕ್ಟರಮ್ಮ ನಕ್ಕು ನಕ್ಕು ದವಡೆ ಹಿಡಿದುಕೊಂಡಿದ್ದರು. ಭಾವಮೈದ ಗಡಿಯಾರ ನೋಡಿ, ಲೆಕ್ಕ ಹಾಕಿ, "ನಮ್ಮ ಗೂಡ್ಸ್ ಗಾಡೀನೂ ಇಷ್ಟು ತಡ ಮಾಡಲ್ಲ ಭಾವ" ಎಂದರು.

ಮಾಮ ಎದ್ದು ನಿಂತರು. ಕೈ ಪಕ್ಕದಿಂದ ಕದಲಿತು, ಹೂವುಗಳು ಎಲ್ಲರಿಗೂ ಕಂಡವು. ಟೀಚರ್ ಕಡೆ ತಿರುಗಿ, "ಹೇಳಿದ್ನಲ್ಲ ಕಣೇ" ಎಂದರು. ದನಿ ಸಣ್ಣಗಿತ್ತು.

ನಾನು ಕೌಂಟರಿನ ಹಿಂದಿನಿಂದ ಬಂದೆ. "ಟೀಚರ್, ಚೀಟಿ ಬರೆದದ್ದು ನಾನು. ನಾನು ನೋಡಿರಲಿಲ್ಲ. ಮಾಮನ ತಪ್ಪಿಲ್ಲ."

ಟೀಚರ್ ನನ್ನನ್ನು ನೋಡಲೇ ಇಲ್ಲ. ಗಂಡನನ್ನೇ ನೋಡುತ್ತಿದ್ದರು. ನಗು ನಿಂತಿತು.

"ಎಷ್ಟು ಹೊತ್ತು ನೀರಲ್ಲಿದ್ರಿ?" ಎಂದು ಕೇಳಿದರು.

"ಆಂ?"

"ಕೇಳಿದ್ದಕ್ಕೆ ಉತ್ತರ ಹೇಳಿ."

"ಹೋಗೋವಾಗ ಒಂದೂವರೆ ಗಂಟೆ. ಬರೋವಾಗ ಒಂದೂವರೆ."

ಟೀಚರ್ ಬೆರಳು ಮಡಿಸಿದರು. "ಹದಿನೈದು ಜನ. ಸಲಕ್ಕೆ ಇಬ್ಬರು. ಹೋಗೋದು ಎಂಟು, ಖಾಲಿ ಬರೋದು ಏಳು, ಒಟ್ಟು ಹದಿನೈದು. ಒಂದು ಸಲ ದಾಟೋಕೆ ಆರು ನಿಮಿಷ."

"ತೊಂಬತ್ತು ನಿಮಿಷ, ಸರಿಯಾಗಿದೆ," ಎಂದರು ಭಾವಮೈದ, ಮೊದಲ ಸಲ ಭಾವನ ಕಡೆ ಮೆಚ್ಚುಗೆಯಿಂದ ನೋಡಿ.

"ಇಷ್ಟು ಒಳ್ಳೇ ಲೆಕ್ಕ ಮನೇಲಿಟ್ಕೊಂಡು," ಟೀಚರ್ ದನಿ ಏರಿತು, "ಎಂಟು ವರ್ಷ ನಾನು ಮಕ್ಕಳಿಗೆ ನೂರಾ ಅರವತ್ತನ್ನ ಐದರಿಂದ ಭಾಗಿಸಿ ಅಂತ ಹೇಳಿಕೊಡ್ತಿದ್ದೆನಲ್ರೀ! ಆ ಗೆದ್ದ ಕತೇಲಿ ಏನಿತ್ತು? ಹೊರಟ್ರು, ಬಂದ್ರು, ಸ್ನಾನ ಮಾಡಿದ್ರು. ಟೀಚರುಗಳಿಗೆ ಅದನ್ನ ಹೇಳೋವಾಗ ನನಗೇ ಆಕಳಿಕೆ ಬರ್ತಿತ್ತು. ಈ ಚಾದರ, ಈ ಬಾತುಕೋಳಿ, ಈ ದೋಣಿ, ಇದನ್ನೆಲ್ಲ ಒಬ್ಬರೇ ಇಟ್ಕೊಂಡಿದ್ದೀರಲ್ಲ, ನಿಮಗೆ ಏನು ಹೇಳ್ಬೇಕು?" ಎನ್ನುತ್ತ ಎನ್ನುತ್ತಲೇ ಅವರ ಬಾಯಿ ಸೊಟ್ಟಗಾಯಿತು. ಚಾದರ ಎನ್ನುವ ಮಾತು ಇನ್ನೊಮ್ಮೆ ಬಾಯಿಗೆ ಬಂದದ್ದೇ ತಡ, ಸೆರಗು ಮುಖಕ್ಕೆ ಒತ್ತಿಕೊಂಡು ಮುಂದಿನ ಸಾಲಿನಲ್ಲೇ ಕುಸಿದು ಕೂತು ನಗತೊಡಗಿದರು. ಮಾಮ ಮೊದಲು ಅಳುತ್ತಿದ್ದಾರೆಂದು ತಿಳಿದು ಬೆನ್ನು ಸವರಿದರು. ಆಮೇಲೆ ಅವರಿಗೂ ನಗು ಬಂತು.

"ನಿನ್ನ ಚೀಟಿಗಿಂತ ಇದು ಚೆನ್ನಾಗಿತ್ತು ಕೂಸೇ," ಎಂದಳು ಅಜ್ಜಿ ಬಾಗಿಲ ಬಳಿಯಿಂದ. ನನ್ನ ಜೀವಮಾನದಲ್ಲಿ ನನಗೆ ಯಾರೂ ಅಷ್ಟು ನಿಷ್ಠುರವಾಗಿ ಹೇಳಿರಲಿಲ್ಲ. ಅದು ನಿಜವೂ ಆಗಿತ್ತು.

"ಈಗ ನಿಮ್ಮನ್ನ ಏನಂತ ಕರೀಬೇಕು ಸ್ವಾಮಿ?" ಎಂದು ಕ್ಷೌರದಂಗಡಿಯವರು ಕಣ್ಣೊರೆಸಿಕೊಂಡು ಕೇಳಿದರು.

"ಏನಾದ್ರೂ ಕರೀರಿ. ಪಂಕ್ಚರ್ ಆದಾಗ ಕರೆದ್ರೆ ಸಾಕು."

ಇಷ್ಟು ಗದ್ದಲಕ್ಕೆ ಮೂಲೆಯಲ್ಲಿದ್ದ ಚಿಕ್ಕಪ್ಪನಿಗೆ ಎಚ್ಚರವಾಯಿತು. ಗದ್ದ ಒರೆಸಿಕೊಂಡು ಸುತ್ತ ನೋಡಿ, ನಗುವ ಮುಖಗಳನ್ನು ಕಂಡು, ಜೋರಾಗಿ ಚಪ್ಪಾಳೆ ತಟ್ಟಿದರು. "ಗೆದ್ರಲ್ಲ! ನಾನು ಹೇಳಿರ್ಲಿಲ್ವಾ?"

ಅಂಗಡಿಯಿಂದ ಎಲ್ಲರೂ ಒಟ್ಟಿಗೇ ಹೊರಬಿದ್ದೆವು. ಮಾಮ ಮುಂದೆ, ಹಳದಿ ಬನಿಯನ್ನಿನಲ್ಲಿ, ಈಗ ಎರಡೂ ಕೈ ಬೀಸಿ, ನೀರು ಎಷ್ಟು ತಣ್ಣಗಿತ್ತು, ಅಂಬಿಗ ಏನೇನು ಅಂದ ಎಂದು ಭಾವಮೈದನಿಗೆ ಹೇಳುತ್ತ ನಡೆದರು. ಎಂಟು ವರ್ಷದ ಮಾತು ಒಟ್ಟಿಗೇ ಬರುತ್ತಿತ್ತು. ಅವರ ಹಿಂದೆ ಟೀಚರ್, ಟೀಚರುಗಳು, ಡಾಕ್ಟರಮ್ಮ, ನಾನು, ಇಡೀ ಬೀದಿ. ಹಾಗೆ ಹೇಳುತ್ತ ಹೇಳುತ್ತ ಅವರು ತಮ್ಮ ಅಂಗಡಿ ದಾಟಿದರು. ತಮ್ಮ ಮನೆಯ ಗೇಟನ್ನೂ ದಾಟಿದರು. ಮೂಲೆಗೆ ಬಂದು ಎಡಕ್ಕೆ ತಿರುಗಿದರು. ನಾವೂ ತಿರುಗಿದೆವು.

ನಾನು ಟೀಚರ್ ತೋಳು ಮುಟ್ಟಿ ಮೆಲ್ಲಗೆ, "ಮನೆ ಹಿಂದೆ ಹೋಯ್ತು" ಎಂದೆ.

"ಗೊತ್ತು," ಎಂದರು ಟೀಚರ್ ತುಟಿಯ ಮೇಲೆ ಬೆರಳಿಟ್ಟು. "ಯಾರೂ ಹೇಳ್ಬೇಡಿ. ಎಲ್ಲಿವರೆಗೆ ಕರ್ಕೊಂಡು ಹೋಗ್ತಾರೋ ನೋಡೋಣ."